ಪಿಕಪ್ ಬಂಡಿಗೆ ಕನ್ವರ್ಟರನ್ನು ಆರಿಸುವ ಬಗೆ

ಹಿರಿಯೂರಿಗೆ ಅನತಿದೂರದಲ್ಲಿ, ಬೆಂಗಳೂರು–ಪುಣೆ ಹೆದ್ದಾರಿಯ ಮಗ್ಗುಲಿಗೇ ಇರುವ ಆದಿವಾಲದ ಕಡೆಯಿಂದ ಸರಕು ಹೊತ್ತು ಹೊರಡುವ ಪಿಕಪ್ ಬಂಡಿಗಳು, ವಾಣಿವಿಲಾಸ ಸಾಗರದ ಅಚ್ಚುಕಟ್ಟಿನ ತೆಂಗಿನಕಾಯಿಯನ್ನು ತುಂಬಿಕೊಂಡಿರಲಿ, ಯಶವಂತಪುರದ ಮಾರುಕಟ್ಟೆಗೆ ಹೋಗತಕ್ಕ ಈರುಳ್ಳಿಯ ಚೀಲಗಳನ್ನು ಹೇರಿಕೊಂಡಿರಲಿ, ಬಹುಮಟ್ಟಿಗೆ ಎಲ್ಲವೂ ಕಾಲಿನಿಂದ ಕ್ಲಚ್ಚನ್ನು ತುಳಿದು ಕೈಯಿಂದ ಗೇರನ್ನು ಬದಲಿಸಬೇಕಾದ ಜಾತಿಗೆ ಸೇರಿದವು. ಆದರೆ ಈಚಿನ ವರುಷಗಳಲ್ಲಿ ಇವುಗಳ ನಡುವೆ ಇನ್ನೊಂದು ಬಗೆಯ ಡೀಸೆಲ್ ಪಿಕಪ್ಪು ಅಲ್ಲೊಂದು ಇಲ್ಲೊಂದು ಕಾಣಿಸಿಕೊಳ್ಳುತ್ತಿದೆ. ಇಸುಜು ಕಂಪನಿಯ ವಿ-ಕ್ರಾಸ್, ನಮ್ಮ ಬಿಡದಿಯ ಕಾರ್ಖಾನೆಯಿಂದ 2022ರಿಂದೀಚೆಗೆ ಹೊರಬೀಳುತ್ತಿರುವ ಟೊಯೋಟಾ ಹೈಲಕ್ಸ್, ಇವು ಆ ಬಗೆಯವು. ಇವುಗಳ ಆಟೋಮ್ಯಾಟಿಕ್ ಮಾದರಿಗಳಲ್ಲಿ ಕ್ಲಚ್ ಪೆಡಲೇ ಇಲ್ಲ. ಕ್ಲಚ್ಚಿನ ಸ್ಥಾನದಲ್ಲಿ ಟಾರ್ಕ್ ಕನ್ವರ್ಟರ್ ಎಂಬ, ತೈಲದಿಂದ ತುಂಬಿದ ಯಂತ್ರಭಾಗವೊಂದು ಕುಳಿತಿರುತ್ತದೆ. ಬಂಡಿ ಹಳೆಯದಾದಂತೆ, ಅಥವಾ ಎಂಜಿನ್ನಿನ ಗಣಕವನ್ನು ತಿದ್ದಿಸಿ ಅದರ ಬಲವನ್ನು ಹೆಚ್ಚಿಸಿಕೊಂಡ ಮೇಲೆ, ಕಂಪನಿ ಕೊಟ್ಟ ಕನ್ವರ್ಟರಿಗಿಂತ ಮೇಲ್ತರದ್ದೊಂದನ್ನು ಹಾಕಿಸಿದರೆ ಹೇಗೆ ಎಂಬ ವಿಚಾರ ಮಾಲೀಕರಲ್ಲಿ ಹುಟ್ಟುವುದು ಸಹಜವಾಗಿದೆ. ಮೇಲ್ತರವೆಂಬುದು ಯಾವುದು, ಅದು ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದನ್ನು ಕೊಂಚ ಸಾವಧಾನವಾಗಿ ನೋಡಬೇಕಾಗಿದೆ. ಏಕೆಂದರೆ ಈ ವಿಷಯದಲ್ಲಿ ದೊಡ್ಡದು ಒಳ್ಳೆಯದೆಂಬ ನಂಬಿಕೆಯಿಂದಲೂ, ಬೆಲೆ ಹೆಚ್ಚಾದುದು ಬಲವಾದುದೆಂಬ ನಂಬಿಕೆಯಿಂದಲೂ ಆಗುವ ನಷ್ಟ ಅಲ್ಪವಲ್ಲ.

ಕನ್ವರ್ಟರು ಈ ಸೀಮೆಗೆ ಅಪರಿಚಿತವಾದುದೆಂದು ಭಾವಿಸಬೇಕಾಗಿಲ್ಲ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಹೊಲಗಳಲ್ಲಿ ಕೃಷಿಹೊಂಡ ತೋಡುವ, ಕೆರೆಗಳ ಹೂಳೆತ್ತುವ ಜೆಸಿಬಿ ಯಂತ್ರವು ಮುಂದಕ್ಕೂ ಹಿಂದಕ್ಕೂ ಕ್ಷಣಕ್ಷಣಕ್ಕೆ ಹೊರಳುತ್ತ, ಮುಂದಿನ ಬಕೆಟ್ಟನ್ನು ಮಣ್ಣಿನ ರಾಶಿಗೆ ಒತ್ತಿ ನಿಂತಾಗಲೂ ಎಂಜಿನ್ನು ಆರಿಹೋಗದಂತೆ ಇರುವುದು ಅದರ ಹೊಟ್ಟೆಯಲ್ಲಿರುವ ಟಾರ್ಕ್ ಕನ್ವರ್ಟರಿನ ದೆಸೆಯಿಂದಲೇ. ಗಣಿಗಳಲ್ಲಿ ಅದಿರು ಹೊರುವ ಭಾರಿ ಡಂಪರುಗಳಲ್ಲಿಯೂ ಇದೇ ಏರ್ಪಾಡು. 1964ರಲ್ಲಿ ಸ್ಥಾಪಿತವಾದ ನಮ್ಮ ಬಿಇಎಂಎಲ್ ಸಂಸ್ಥೆಯು ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಬುಲ್ಡೋಜರುಗಳನ್ನು ಕಟ್ಟುತ್ತ ಬಂದಿರುವುದೂ ಈ ತತ್ತ್ವವನ್ನು ನೆಮ್ಮಿಕೊಂಡೇ.

ತತ್ತ್ವ ಹೀಗಿದೆ. ಬೆಸುಗೆ ಹಾಕಿ ಮುಚ್ಚಿದ ಉಕ್ಕಿನ ಕವಚವೊಂದರ ಒಳಗೆ ರೆಕ್ಕೆಗಳುಳ್ಳ ಮೂರು ಚಕ್ರಗಳಿವೆ: ಕವಚಕ್ಕೇ ಅಂಟಿಕೊಂಡು ಎಂಜಿನ್ನಿನೊಡನೆ ತಿರುಗುವ ಪಂಪ್ ಚಕ್ರ, ಅದಕ್ಕೆ ಎದುರುಮುಖವಾಗಿ ಗೇರ್ ಪೆಟ್ಟಿಗೆಯ ದಂಡಕ್ಕೆ ಹೊಂದಿಕೊಂಡಿರುವ ಟರ್ಬೈನ್ ಚಕ್ರ, ಇವೆರಡರ ನಡುವೆ ಒಂದೇ ದಿಕ್ಕಿಗೆ ಮಾತ್ರ ತಿರುಗಬಲ್ಲ ಸ್ಟೇಟರ್. ಪಂಪ್ ಚಕ್ರವು ತಿರುಗಿದಾಗ ತೈಲವು ಅದರ ನಡುವಿನಿಂದ ಅಂಚಿನತ್ತ ಎಸೆಯಲ್ಪಟ್ಟು, ಟರ್ಬೈನಿನ ರೆಕ್ಕೆಗಳನ್ನು ತಳ್ಳಿ, ಇನ್ನೂ ಅಳಿಯದೆ ಉಳಿದ ವೇಗದೊಡನೆ ನಡುವಿಗೆ ಮರಳುತ್ತದೆ. ಹಾಗೆ ಮರಳುವಾಗ ಅದರ ದಿಕ್ಕು ಪಂಪಿನ ಚಲನೆಗೆ ಪ್ರತಿಕೂಲವಾಗಿರುವುದರಿಂದ, ಅದನ್ನು ಹಾಗೆಯೇ ಬಿಟ್ಟಲ್ಲಿ ಎಂಜಿನ್ನಿಗೆ ವಿಘ್ನವೇ ಆಗುತ್ತಿತ್ತು. ಸ್ಟೇಟರಿನ ಬಾಗಿದ ರೆಕ್ಕೆಗಳು ಆ ಪ್ರವಾಹದ ಮುಖವನ್ನು ತಿರುಗಿಸಿ, ಪಂಪಿಗೆ ಅನುಕೂಲವಾದ ದಿಕ್ಕಿನಲ್ಲಿ ಅದನ್ನು ಒಳಕ್ಕೆ ಬಿಡುತ್ತವೆ. ಇದರ ಫಲವಾಗಿ, ನಿಂತ ಬಂಡಿಯು ಹೊರಡುವ ಕ್ಷಣದಲ್ಲಿ, ಎಂಜಿನ್ನು ಕೊಟ್ಟ ತಿರುಗುಬಲಕ್ಕೆ ಸುಮಾರು ಎರಡು ಪಟ್ಟು ಬಲ ಟರ್ಬೈನಿನಲ್ಲಿ ದೊರೆಯುತ್ತದೆ. ಬಂಡಿ ವೇಗವನ್ನು ಪಡೆದು, ಟರ್ಬೈನು ಪಂಪಿನ ವೇಗದ ನೂರಕ್ಕೆ ಎಂಬತ್ತೈದು ತೊಂಬತ್ತರ ಹತ್ತಿರ ಬಂದಾಗ ಈ ಗುಣಾಕಾರವು ಮುಗಿದು, ಸ್ಟೇಟರು ತಾನೂ ತೈಲದೊಡನೆ ತಿರುಗತೊಡಗುತ್ತದೆ. ಬಲ ಇಮ್ಮಡಿಸಿತೆಂದ ಮಾತ್ರಕ್ಕೆ ಶಕ್ತಿ ಇಮ್ಮಡಿಸಿತೆಂದು ತಿಳಿಯಲಾಗದು. ವೇಗವನ್ನು ತೆತ್ತು ಬಲವನ್ನು ಕೊಂಡಂತಾಯಿತು, ಆ ವ್ಯಾಪಾರದಲ್ಲಿ ಒಂದು ಪಾಲು ಶಾಖವಾಗಿ ತೈಲಕ್ಕೆ ಸಂದಾಯವಾಯಿತು.

ಇದನ್ನು ಕಲ್ಪಿಸಿದ ಹರ್ಮನ್ ಫೋಟಿಂಗರ್ ಎಂಬ ಜರ್ಮನ್ ಎಂಜಿನಿಯರನ ಮನಸ್ಸಿನಲ್ಲಿ ಮೋಟಾರು ಬಂಡಿ ಇರಲಿಲ್ಲವೆಂಬುದು ಒಂದು ಸ್ವಾರಸ್ಯ. ಸ್ಟೆಟಿನ್ ನಗರದ ವಲ್ಕನ್ ಹಡಗುಕಟ್ಟೆಯಲ್ಲಿದ್ದ ಆತನಿಗೆ ತೊಡಕಾಗಿದ್ದುದು ಅತಿವೇಗವಾಗಿ ತಿರುಗುವ ಉಗಿ ಟರ್ಬೈನಿಗೂ ನಿಧಾನವಾಗಿ ತಿರುಗಬೇಕಾದ ಹಡಗಿನ ಪ್ರೊಪೆಲರಿಗೂ ಇದ್ದ ಅಂತರ. 1905ರಲ್ಲಿ ಆತ ಪಡೆದ ಪೇಟೆಂಟು ಆ ಅಂತರವನ್ನು ದ್ರವದ ಮೂಲಕ ತುಂಬುವ ಉಪಾಯವಾಗಿತ್ತು. ಹಡಗುಗಳಿಗೆ ಮುಂದೆ ಒಳ್ಳೆಯ ಹಲ್ಲುಚಕ್ರಗಳು ದೊರೆತುದರಿಂದ ಅವು ಇದನ್ನು ಕೈಬಿಟ್ಟವು, ರಸ್ತೆಯೂ ರೈಲೂ ಕೈಹಿಡಿದವು. 1930ರ ದಶಕದಲ್ಲಿ ಇಂಗ್ಲೆಂಡಿನ ಲೇಲ್ಯಾಂಡ್ ಬಸ್ಸುಗಳಲ್ಲಿ, 1948ರಲ್ಲಿ ಅಮೆರಿಕದ ಬ್ಯೂಕ್ ಕಾರಿನಲ್ಲಿ ಬಂದ ಇದು, ಡೀಸೆಲ್ ಪಿಕಪ್ಪಿಗೆ ಬಂದು ಅಲ್ಲಿ ಒಂದು ದೊಡ್ಡ ಉದ್ಯಮವನ್ನೇ ಹುಟ್ಟಿಸಿದುದು 1989ರಲ್ಲಿ ಡಾಡ್ಜ್ ಪಿಕಪ್ಪು ಕಮಿನ್ಸ್ ಡೀಸೆಲ್ ಎಂಜಿನ್ನನ್ನು ಪಡೆದ ತರುವಾಯ. ಬಲವನ್ನು ಹೆಚ್ಚಿಸಿದ ಎಂಜಿನ್ನಿನ ಮುಂದೆ ಕಂಪನಿಯ ಕನ್ವರ್ಟರುಗಳು ನಿಲ್ಲಲಾರದೆ ಹೋದುದರಿಂದ, ಅವುಗಳನ್ನು ಬಿಚ್ಚಿ ಪುಷ್ಟಿಗೊಳಿಸಿ ಕಟ್ಟುವ ಕಾರ್ಯಾಗಾರಗಳು ಆ ದೇಶದಲ್ಲಿ ತಲೆಯೆತ್ತಿದವು. ಮೇಲ್ತರದ ಕನ್ವರ್ಟರಿನ ಬಗ್ಗೆ ನಮ್ಮಲ್ಲಿಗೆ ತೇಲಿಬರುವ ಮಾತುಗಳೆಲ್ಲ ಹೆಚ್ಚಾಗಿ ಆ ದೇಶದವು. ಅಲ್ಲಿಯ ಎಂಜಿನ್ನು ಸುಮಾರು ಆರು, ಆರೂಮುಕ್ಕಾಲು ಲೀಟರಿನದು, ಇಲ್ಲಿಯದು ಎರಡು, ಎರಡೂಮುಕ್ಕಾಲು ಲೀಟರಿನದು. ಅಲ್ಲಿಯ ಅಂಕಿಗಳನ್ನು ತಂದು ಇಲ್ಲಿಯ ಬಂಡಿಗೆ ಕಟ್ಟುವುದು ವಿವೇಕವಾಗಲಾರದು.

ಆರಿಸುವ ಕಾರ್ಯದಲ್ಲಿ ಮೊದಲು ತಿಳಿಯಬೇಕಾದುದು ಸ್ಟಾಲ್ ವೇಗವನ್ನು. ಬ್ರೇಕಿನಿಂದ ಚಕ್ರಗಳನ್ನು ಬಿಗಿಹಿಡಿದು, ಗೇರಿನಲ್ಲಿಟ್ಟು, ಆಕ್ಸಿಲರೇಟರನ್ನು ಪೂರ್ತಿಯಾಗಿ ಒತ್ತಿದಾಗ, ಟರ್ಬೈನು ನಿಶ್ಚಲವಾಗಿರುವಂತೆಯೇ ಎಂಜಿನ್ನು ನಿಮಿಷಕ್ಕೆ ಎಷ್ಟು ಸುತ್ತಿಗೆ ಏರಿ ನಿಲ್ಲುವುದೋ ಅದೇ ಸ್ಟಾಲ್ ವೇಗ. ಇದು ಕನ್ವರ್ಟರಿನ ಮೇಲೆ ಕೆತ್ತಿದ ಸ್ಥಿರಾಂಕವೆಂದು ಹಲವರು ತಿಳಿದಿದ್ದಾರೆ, ಹಾಗಲ್ಲ. ಕನ್ವರ್ಟರು ಹೀರಿಕೊಳ್ಳುವ ತಿರುಗುಬಲವು ಸುತ್ತಿನ ವರ್ಗಕ್ಕೂ, ವ್ಯಾಸದ ಐದನೆಯ ಘಾತಕ್ಕೂ ಅನುಗುಣವಾಗಿ ಬೆಳೆಯುತ್ತದೆ. ಈ ಐದನೆಯ ಘಾತವೆಂಬುದು ಎಣಿಕೆಗೆ ಮೀರಿದ ಪರಿಣಾಮಗಳನ್ನು ತರತಕ್ಕದ್ದು: ವ್ಯಾಸವನ್ನು ನೂರಕ್ಕೆ ಹತ್ತರಷ್ಟು ಕಿರಿದುಮಾಡಿದರೆ ಹೀರುವ ಸಾಮರ್ಥ್ಯವು ನೂರರಿಂದ ಐವತ್ತೊಂಬತ್ತಕ್ಕೆ ಇಳಿಯುತ್ತದೆ, ಅದೇ ಎಂಜಿನ್ನು ಅದೇ ಬಲವನ್ನು ಕೊಡುತ್ತಿದ್ದಲ್ಲಿ ಸ್ಟಾಲ್ ವೇಗವು ನೂರಕ್ಕೆ ಮೂವತ್ತರಷ್ಟು ಏರುತ್ತದೆ. 1800 ಸುತ್ತಿನಲ್ಲಿ ನಿಲ್ಲುತ್ತಿದ್ದುದು 2340ರ ಹತ್ತಿರಕ್ಕೆ ಹೋಗುತ್ತದೆ. ಪಂದ್ಯದ ಪೆಟ್ರೋಲ್ ಕಾರುಗಳವರು ಕಿರಿದಾದ ಕನ್ವರ್ಟರನ್ನು ಬಯಸುವುದು ಈ ಕಾರಣದಿಂದ. ಅವರ ಎಂಜಿನ್ನಿನ ಬಲವು ಎತ್ತರದ ಸುತ್ತಿನಲ್ಲಿ ಅಡಗಿರುತ್ತದೆ.

ಡೀಸೆಲ್ಲಿನ ಸ್ವಭಾವವೇ ಬೇರೆ. ವಿ-ಕ್ರಾಸಿನ 1.9 ಲೀಟರ್ ಎಂಜಿನ್ನು ತನ್ನ 360 ನ್ಯೂಟನ್-ಮೀಟರ್ ತಿರುಗುಬಲವನ್ನು 2000ದಿಂದ 2500 ಸುತ್ತುಗಳ ನಡುವೆ ಕೊಡುತ್ತದೆ. ಆಟೋಮ್ಯಾಟಿಕ್ ಹೈಲಕ್ಸಿನ 2.8 ಲೀಟರ್ ಎಂಜಿನ್ನು 500 ನ್ಯೂಟನ್-ಮೀಟರನ್ನು 1600ದಿಂದ 2800 ಸುತ್ತುಗಳ ನಡುವೆ ಕೊಡುತ್ತದೆ. ಕನ್ವರ್ಟರಿನ ಸ್ಟಾಲ್ ವೇಗವು ಈ ಸುತ್ತುಗಳ ಹರವಿನ ಆರಂಭದ ಆಸುಪಾಸಿನಲ್ಲಿರತಕ್ಕದ್ದು. ಅದಕ್ಕಿಂತ ಬಹಳ ತಗ್ಗಿದರೆ, ಅಂದರೆ ಕನ್ವರ್ಟರು ಅತಿ ಬಿಗಿಯಾದರೆ, ಎಂಜಿನ್ನಿಗೆ ಟರ್ಬೋ ಚಾರ್ಜರು ಗಾಳಿಯನ್ನು ಒತ್ತುವಷ್ಟು ಸುತ್ತು ಸಿಗದೆ, ಬಂಡಿ ಕರಿಹೊಗೆಯನ್ನು ಕಾರುತ್ತ, ಒದ್ದಾಡುತ್ತ ಹೊರಡುತ್ತದೆ. ಬಹಳ ಏರಿದರೆ, ಎಂಜಿನ್ನು ಕೂಗುವುದೇ ಹೊರತು ಬಂಡಿ ಸಾಗದು. ಎರೆಮಣ್ಣಿನ ತೋಟದ ಹಾದಿಯಲ್ಲಿ ಮಳೆ ಬಂದ ಮರುದಿನ ಕಾಯಿ ತುಂಬಿದ ಬಂಡಿಯನ್ನು ಇಂಚಿಂಚಾಗಿ ಹೊರತರುವಾಗ, ಆ ಕೂಗೆಲ್ಲ ತೈಲವನ್ನು ಕಾಯಿಸುವುದರಲ್ಲಿಯೇ ಮುಗಿಯುತ್ತದೆ. ಹೊರೆ ಹೊರುವ ಡೀಸೆಲ್ ಬಂಡಿಗೆ ಕಂಪನಿಯ ಸ್ಟಾಲ್ ವೇಗದಿಂದ ನೂರಿನ್ನೂರು ಸುತ್ತಿಗಿಂತ ಆಚೆ ಈಚೆ ಸರಿಯುವ ಅಗತ್ಯವೇ ಬಾರದೆಂಬುದು ನನ್ನ ಅಭಿಪ್ರಾಯ.

ಹೈಲಕ್ಸಿನ ವಿಚಾರದಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಅದೇ ಎಂಜಿನ್ನು ಕೈಗೇರಿನ ಮಾದರಿಯಲ್ಲಿ ಕೊಡುವುದು 420 ನ್ಯೂಟನ್-ಮೀಟರ್ ಮಾತ್ರ. ಎಂಜಿನ್ನು ಎಷ್ಟನ್ನು ಹುಟ್ಟಿಸಬಲ್ಲದು ಎಂಬುದೊಂದೇ ಎಲ್ಲೆಯಲ್ಲ, ಅದರ ಮುಂದಿರುವ ಭಾಗಗಳು ಎಷ್ಟನ್ನು ತಾಳಬೇಕೆಂದು ಕಟ್ಟಿದವನು ನಿರ್ಧರಿಸಿದನು ಎಂಬುದೂ ಎಲ್ಲೆಯೇ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಡ. ಎಂಜಿನ್ನಿನ ಗಣಕವನ್ನು ತಿದ್ದಿಸಿಕೊಳ್ಳುವವರು ಮುರಿಯುವುದು ಈ ಎಲ್ಲೆಯನ್ನೇ. 360ರ ಎಂಜಿನ್ನನ್ನು 450ಕ್ಕೆ ಏರಿಸಿದಾಗ, ಮೇಲೆ ಹೇಳಿದ ವರ್ಗದ ನಿಯಮದಂತೆ, ಕನ್ವರ್ಟರನ್ನು ಮುಟ್ಟದೆಯೇ ಸ್ಟಾಲ್ ವೇಗವು ನೂರಕ್ಕೆ ಹನ್ನೆರಡರಷ್ಟು ತಾನಾಗಿ ಏರುತ್ತದೆ. ಅಂದರೆ ಇದ್ದ ಕನ್ವರ್ಟರೇ ಸಡಿಲವಾದಂತೆ ವರ್ತಿಸತೊಡಗುತ್ತದೆ. ಆದರೆ ಅಪಾಯವಿರುವುದು ಇಲ್ಲಿ ಅಷ್ಟಾಗಿ ಅಲ್ಲ, ಲಾಕಪ್ ಕ್ಲಚ್ಚಿನಲ್ಲಿ.

ಈಗಿನ ಪಿಕಪ್ಪುಗಳ ಕನ್ವರ್ಟರುಗಳಲ್ಲೆಲ್ಲ ಕವಚಕ್ಕೂ ಟರ್ಬೈನಿಗೂ ನಡುವೆ ಈ ಲಾಕಪ್ ಕ್ಲಚ್ಚೆಂಬ ಒಂದು ಘರ್ಷಣಫಲಕವಿರುತ್ತದೆ. ಬಂಡಿ ಓಟಕ್ಕೆ ಬಿದ್ದ ಮೇಲೆ ತೈಲದ ಒತ್ತಡದಿಂದ ಈ ಫಲಕವು ಕವಚವನ್ನು ಹಿಡಿದುಕೊಂಡು ಎಂಜಿನ್ನನ್ನೂ ಗೇರ್ ಪೆಟ್ಟಿಗೆಯನ್ನೂ ನೇರವಾಗಿ ಬೆಸೆಯುತ್ತದೆ. ಆಗ ದ್ರವದ ಜಾರಿಕೆಯೂ ಇಲ್ಲ, ಆ ಜಾರಿಕೆಯಿಂದಾಗುವ ಶಾಖವೂ ಇಲ್ಲ. ಕಂಪನಿಯು ತಾನು ಕೊಟ್ಟ ಬಲಕ್ಕೆ ಸರಿಯಾಗಿ, ಕೊಂಚ ಮೀಸಲನ್ನು ಸೇರಿಸಿ, ಈ ಫಲಕವನ್ನು ಅಳತೆಮಾಡಿರುತ್ತದೆ. ಬಲವನ್ನು ಏರಿಸಿದಾಗ ಅದು ಹಿಡಿಯಲಾರದೆ ಜಾರುತ್ತದೆ. ಜಾರಿಕೆ ಸಣ್ಣದಾಗಿ ಕಂಡರೂ ಅದರ ಲೆಕ್ಕ ಸಣ್ಣದಲ್ಲ: 300 ನ್ಯೂಟನ್-ಮೀಟರ್ ಬಲವು ಸಾಗುತ್ತಿರುವಾಗ ಫಲಕವು ನಿಮಿಷಕ್ಕೆ 300 ಸುತ್ತು ಜಾರಿದರೆ, ಅಲ್ಲಿ ಹುಟ್ಟುವ ಶಾಖವು ಒಂಬತ್ತೂವರೆ ಕಿಲೋವಾಟಿನ ಸಮೀಪ, ಬಚ್ಚಲಮನೆಯಲ್ಲಿ ನೀರು ಕಾಯಿಸಲು ಬಕೆಟ್ಟಿಗೆ ಇಳಿಬಿಡುವ, ಒಂದೂವರೆ ಕಿಲೋವಾಟಿನ ವಿದ್ಯುತ್ ಕಾಯಿಲುಗಳನ್ನು ಆರರಷ್ಟು ಒಟ್ಟಿಗೆ ಗೇರ್ ಪೆಟ್ಟಿಗೆಯ ತೈಲಕ್ಕೆ ಇಳಿಬಿಟ್ಟಂತೆ. ಹೆದ್ದಾರಿಯಲ್ಲಿ ತಾಸುಗಟ್ಟಲೆ ಹೀಗೆ ಸಾಗಿದರೆ ತೈಲವು ಕರಿಕಾಗಿ, ಫಲಕದ ಪುಡಿ ತೈಲದಲ್ಲಿ ಬೆರೆತು ಗೇರ್ ಪೆಟ್ಟಿಗೆಯ ಸೂಕ್ಷ್ಮವಾದ ಕವಾಟಗಳಲ್ಲೆಲ್ಲ ಸೇರಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಕೆಡುವುದು ಕನ್ವರ್ಟರೊಂದೇ ಅಲ್ಲ.

ಆದುದರಿಂದ ಬಲ ಹೆಚ್ಚಿಸಿದ ಬಂಡಿಗೆ ಮೇಲ್ತರದ ಕನ್ವರ್ಟರನ್ನು ಕೊಳ್ಳುವವನು ಹಣ ತೆರಬೇಕಾದುದು ಮುಖ್ಯವಾಗಿ ಲಾಕಪ್ಪಿನ ಹಿಡಿತಕ್ಕೆ. ಫಲಕದ ಘರ್ಷಣಪದಾರ್ಥವನ್ನು ಉತ್ತಮಪಡಿಸಿ ಹಿಡಿತವನ್ನು ಕೊಂಚ ಹೆಚ್ಚಿಸುವುದುಂಟು. ಒಂದೇ ಫಲಕದ ಸ್ಥಾನದಲ್ಲಿ ಎರಡು ಮೂರು ಫಲಕಗಳನ್ನು ಜೋಡಿಸಿ, ಹಿಡಿಯುವ ಮುಖಗಳ ಸಂಖ್ಯೆಯನ್ನು ಏರಿಸಿ, ಬಹಳವಾಗಿ ಹೆಚ್ಚಿಸುವುದೂ ಉಂಟು. ಎರಡನೆಯದು ಕೇಳಲು ಆಕರ್ಷಕವಾದರೂ ಅದಕ್ಕೆ ತಕ್ಕ ಬೆಲೆ ತೆರಬೇಕು: ಅಂಥ ಕ್ಲಚ್ಚು ಹಿಡಿದಾಗ ಬಂಡಿಗೆ ಒಂದು ನೂಕು ತಟ್ಟುತ್ತದೆ, ಮುಂದಿನ ದಂಡಗಳಿಗೂ ಹಲ್ಲುಗಳಿಗೂ ಆ ಪೆಟ್ಟು ಮುಟ್ಟುತ್ತದೆ, ಲಾಕಪ್ಪನ್ನು ಬೇಕೆಂದೇ ಸ್ವಲ್ಪ ಜಾರಿಸಿ ಮೃದುವಾಗಿ ಹಿಡಿಸುವಂತೆ ಬರೆದಿರುವ ಈಗಿನ ಬಂಡಿಗಳ ಗಣಕಕ್ಕೂ ಅದಕ್ಕೂ ಒಗ್ಗದೆ ನಡುಕ ಹುಟ್ಟುವುದೂ ಇದೆ. ಗಣಕವನ್ನು ತಿದ್ದದೆ ಇರುವ ಬಂಡಿಗೆ, ಕಂಪನಿಯ ಬಲದಲ್ಲಿಯೇ ಓಡುವ ಬಂಡಿಗೆ, ಬಹುಫಲಕದ ಕನ್ವರ್ಟರು ಕೇವಲ ಅಪವ್ಯಯವೆಂದು ಹೇಳಲು ನನಗೆ ಸಂಕೋಚವಿಲ್ಲ.

ಅಂಥ ಬಂಡಿಗೆ ಬೇಕಾದುದು ತಂಪು. ಹೊರೆ, ಬಿಸಿಲು, ನಿಧಾನಗತಿ, ಈ ಮೂರೂ ಕೂಡುವ ನಮ್ಮ ಸೀಮೆಯ ಏಪ್ರಿಲ್ ಮೇ ತಿಂಗಳುಗಳಲ್ಲಿ, ಗೇರ್ ಪೆಟ್ಟಿಗೆಯ ತೈಲವು ಎಂಬತ್ತರಿಂದ ತೊಂಬತ್ತೈದು ಡಿಗ್ರಿ ಸೆಲ್ಸಿಯಸ್ಸಿನ ಒಳಗೆ ಇರುವುದು ಆರೋಗ್ಯ. ನೂರಿಪ್ಪತ್ತನ್ನು ದಾಟಿ ಬಹುಕಾಲ ನಿಂತರೆ ಅದು ಅರಗಿನಂತಹ ಲೇಪವನ್ನು ಬಿಡತೊಡಗಿ, ರಬ್ಬರಿನ ಸೀಲುಗಳನ್ನು ಗಟ್ಟಿಯಾಗಿಸುತ್ತದೆ. ಪ್ರತಿ ಹತ್ತು ಡಿಗ್ರಿಯ ಏರಿಕೆಗೂ ತೈಲದ ಆಯುಸ್ಸು ಹೆಚ್ಚುಕಡಮೆ ಅರ್ಧಕ್ಕೆ ಇಳಿಯುವುದೆಂಬುದು ಈ ಕಸುಬಿನವರ ಸ್ಥೂಲವಾದ ಎಣಿಕೆ. ರೇಡಿಯೇಟರಿನ ಮುಂದೆ ಪ್ರತ್ಯೇಕವಾದ ಒಂದು ತೈಲದ ಕೂಲರನ್ನು ಹಾಕಿಸಿ, ಶಾಖವನ್ನು ತೋರಿಸುವ ಒಂದು ಮೀಟರನ್ನು ಡ್ರೈವರನ ಕಣ್ಣಿಗೆ ಬೀಳುವಂತೆ ಕೂರಿಸಿ, ಕಂಪನಿ ಹೇಳಿದ ಜಾತಿಯ ತೈಲವನ್ನೇ ಹೇಳಿದ್ದಕ್ಕಿಂತ ಮುಂಚಿತವಾಗಿ ಬದಲಿಸುತ್ತ ಬಂದವನ ಕನ್ವರ್ಟರು, ದುಬಾರಿಯದನ್ನು ಹಾಕಿಸಿ ಇವನ್ನು ಅಲಕ್ಷಿಸಿದವನ ಕನ್ವರ್ಟರಿಗಿಂತ ಹೆಚ್ಚು ಕಾಲ ಬಾಳುತ್ತದೆ.

ಕೊಳ್ಳುವ ಮುನ್ನ ಈಗಿರುವುದು ನಿಜವಾಗಿ ಕೆಟ್ಟಿದೆಯೇ ಎಂಬುದನ್ನು ಪರಾಂಬರಿಸಬೇಕು. ‘ಬಂಡಿಗೆ ಎಳೆತವಿಲ್ಲ’ ಎಂಬ ದೂರಿಗೆ ಟರ್ಬೋವಿನ ರಬ್ಬರ್ ಹೋಸು ಬಿರುಕುಬಿಟ್ಟಿರುವುದು, ಡೀಸೆಲ್ ಫಿಲ್ಟರು ಕಟ್ಟಿಕೊಂಡಿರುವುದು, ಧೂಳಿನ ರಸ್ತೆಯಲ್ಲಿ ಗಾಳಿಯ ಫಿಲ್ಟರು ಮುಚ್ಚಿಹೋಗಿರುವುದು, ಇವೇ ಕಾರಣವಾಗಿರುವುದು ಹೆಚ್ಚು. ಕನ್ವರ್ಟರಿನದೇ ದೋಷವಾದರೆ ಅದು ತನ್ನ ಗುರುತನ್ನು ತಾನೇ ಹೇಳುತ್ತದೆ. ಸ್ಟೇಟರಿನ ಒಮ್ಮುಖ ಹಿಡಿತವು ಹೋಗಿ ಅದು ಎರಡು ದಿಕ್ಕಿಗೂ ತಿರುಗುವಂತಾದರೆ, ಹೊರಡುವಾಗ ಬಂಡಿ ಸೋಲುತ್ತದೆ, ವೇಗಕ್ಕೆ ಬಿದ್ದ ಮೇಲೆ ಸರಿಯಾಗುತ್ತದೆ. ಅದು ಸಿಕ್ಕಿಕೊಂಡು ಎತ್ತಲೂ ತಿರುಗದಂತಾದರೆ, ಹೊರಡುವುದು ಚೆನ್ನಾಗಿದ್ದು, ವೇಗದಲ್ಲಿ ಎಂಜಿನ್ನು ಬಳಲಿ, ತೈಲ ವಿಪರೀತವಾಗಿ ಕಾಯುತ್ತದೆ. ಲಾಕಪ್ಪು ಜಾರುತ್ತಿದ್ದರೆ, ಸಮವಾದ ವೇಗದಲ್ಲಿ ಏರುದಾರಿಗೆ ಬಂದಾಗ ಗೇರು ಬದಲಾಗದೆಯೇ ಸುತ್ತಿನ ಮುಳ್ಳು ಮೇಲೇರುತ್ತದೆ. ಸ್ಟಾಲ್ ಪರೀಕ್ಷೆಯನ್ನು ಮಾಡಿಸುವುದಾದರೆ ಬಲ್ಲ ಮೆಕ್ಯಾನಿಕನಿಂದಲೇ, ಐದು ಸೆಕೆಂಡುಗಳಿಗೆ ಮೀರದಂತೆ ಮಾಡಿಸತಕ್ಕದ್ದು. ಆ ಹೊತ್ತಿನಲ್ಲಿ ಎಂಜಿನ್ನಿನ ಶಕ್ತಿಯೆಲ್ಲವೂ ತೈಲದಲ್ಲಿ ಶಾಖವಾಗಿಯೇ ತೀರುವುದರಿಂದ, ಕುತೂಹಲಕ್ಕಾಗಿ ಮತ್ತೆ ಮತ್ತೆ ಮಾಡುವ ಆಟ ಅದಲ್ಲ.

ಕ್ಲಚ್ಚಿನ ಬಂಡಿಯುಳ್ಳವರು, ಎಂದರೆ ನಮ್ಮಲ್ಲಿ ಬಹುಜನರು, ಕನ್ವರ್ಟರಿನ ಆಸೆಯನ್ನು ಬಿಡುವುದೇ ಲೇಸು. 2523 ಘನ ಸೆಂಟಿಮೀಟರಿನ ಬೊಲೆರೊ ಪಿಕಪ್ಪಿಗೆ ಕನ್ವರ್ಟರನ್ನು ಕೂರಿಸಬೇಕಾದರೆ ಗೇರ್ ಪೆಟ್ಟಿಗೆಯನ್ನೂ ಗಣಕವನ್ನೂ ಬದಲಿಸಬೇಕು. ಆ ವೆಚ್ಚದ ಒಂದು ಅಲ್ಪಭಾಗದಲ್ಲಿ ಒಳ್ಳೆಯ ಕ್ಲಚ್ ಪ್ಲೇಟು, ಪ್ರೆಶರ್ ಪ್ಲೇಟು, ಬೇರಿಂಗುಗಳು ಬರುತ್ತವೆ. ಇದಲ್ಲದೆ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವು, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕನು ಮೂಲದಲ್ಲಿ ಹೇಳಿದ್ದಕ್ಕಿಂತ ಬೇರೆಯಾಗುವಂತೆ ಬಂಡಿಯನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. ಹಳೆಯ ಕನ್ವರ್ಟರಿನ ಜಾಗದಲ್ಲಿ ಅದೇ ಮಾದರಿಯ ಪುಷ್ಟಿಗೊಳಿಸಿದ ಇನ್ನೊಂದನ್ನು ಹಾಕಿದಾಗ ಆ ವಿವರಗಳು ಕದಲಲಾರವು. ಎಂಜಿನ್ನನ್ನೇ ಬೇರೆ ಮಾಡುವವರು, ಬಲವನ್ನು ಏರಿಸುವವರು ಸಾರಿಗೆ ಕಚೇರಿಯನ್ನೂ ವಿಮೆಯವರನ್ನೂ ಮೊದಲೇ ವಿಚಾರಿಸಿಕೊಳ್ಳಬೇಕು.

ಕಟ್ಟಿಕೊಡುವವನನ್ನು ಕೇಳಬೇಕಾದ ಮಾತುಗಳು ಕೆಲವಿವೆ. ಕವಚವನ್ನು ಕೊಯ್ದು ಮತ್ತೆ ಬೆಸೆದ ಮೇಲೆ ಸಮತೂಕವನ್ನು ನೋಡಿದನೇ, ಸೋರಿಕೆಯನ್ನು ಪರೀಕ್ಷಿಸಿದನೇ. ರೆಕ್ಕೆಗಳನ್ನು ಕುಲುಮೆಯಲ್ಲಿ ಬೆಸುಗೆ ಹಿಡಿಸಿ ಭದ್ರಪಡಿಸಿದೆಯೇ, ಇಲ್ಲವೇ ಮಡಿಸಿದ ತುದಿಗಳ ಮೇಲೆಯೇ ಅವು ನಿಂತಿವೆಯೇ. ಒಳಗಿನ ಬೇರಿಂಗುಗಳನ್ನೂ ಸ್ಟೇಟರಿನ ಒಮ್ಮುಖ ಹಿಡಿತವನ್ನೂ ಹೊಸದಾಗಿ ಹಾಕಿದನೇ. ನನ್ನ ಎಂಜಿನ್ನಿನ ಬಲ ಇಷ್ಟು, ನಾನು ಹೊರುವ ಹೊರೆ ಇಷ್ಟು ಎಂದು ಹೇಳಿದಾಗ, ಸ್ಟಾಲ್ ವೇಗ ಎಷ್ಟಾಗುವುದೆಂದು ಅಂಕಿಯಲ್ಲಿ ಉತ್ತರಿಸಬಲ್ಲನೇ. ಬಣ್ಣ ಹೊಡೆದು ಹೊಳೆಯಿಸಿ ಕೊಟ್ಟದ್ದನ್ನೆಲ್ಲ ಹೊಸದೆಂದು ಕೊಳ್ಳುವವರು ಈ ಪ್ರಶ್ನೆಗಳನ್ನು ಕೇಳುವುದಿಲ್ಲ, ಮಾರುವವನೂ ತಾನಾಗಿ ಹೇಳುವುದಿಲ್ಲ.

ಜೋಡಿಸುವಾಗ ಕನ್ವರ್ಟರಿನ ಮೂತಿಯು ಗೇರ್ ಪೆಟ್ಟಿಗೆಯ ತೈಲದ ಪಂಪಿನೊಳಕ್ಕೆ ಪೂರ್ತಿಯಾಗಿ ಕೂತಿರಬೇಕು. ಕೂರದೆಯೇ ಬೋಲ್ಟುಗಳನ್ನು ಬಿಗಿದು ಎಳೆದರೆ ಎಂಜಿನ್ನನ್ನು ಚಾಲೂಮಾಡುವುದಕ್ಕೆ ಮೊದಲೇ ಪಂಪು ಒಡೆದುಹೋಗುತ್ತದೆ. ಪೆಟ್ಟಿಗೆ ಎಂಜಿನ್ನಿಗೆ ಸೇರಿದ ಮೇಲೆಯೂ ಕನ್ವರ್ಟರು ಕೈಯಿಂದ ತಿರುಗುತ್ತಿದ್ದು, ಅದಕ್ಕೂ ಎಂಜಿನ್ನಿನ ಬದಿಯ ಫ್ಲೆಕ್ಸ್ ಪ್ಲೇಟಿಗೂ ನಡುವೆ ಕೆಲವು ಮಿಲಿಮೀಟರುಗಳ ತೆರಪಿರುವುದನ್ನು ನೋಡಿಕೊಂಡೇ ಬೋಲ್ಟು ಹಾಕತಕ್ಕದ್ದು. ಹಳೆಯ ಕನ್ವರ್ಟರು ಒಳಗೆ ಮುರಿದು ಲೋಹದ ಚೂರುಗಳನ್ನು ಬಿಟ್ಟಿದ್ದ ಪಕ್ಷದಲ್ಲಿ, ಅವು ಕೂಲರಿನ ಸಣ್ಣ ಕೊಳವೆಗಳಲ್ಲಿ ಸಿಕ್ಕಿಕೊಂಡಿದ್ದು, ಹೊಸ ತೈಲದ ಮೊದಲ ಪ್ರವಾಹದಲ್ಲಿಯೇ ಗೇರ್ ಪೆಟ್ಟಿಗೆಗೆ ಬಂದು ಸೇರುತ್ತವೆ. ಗ್ಯಾರೇಜಿನ ಕಂಪ್ರೆಸರಿನಿಂದ ಗಾಳಿ ಹಿಡಿದ ಮಾತ್ರಕ್ಕೆ ಅವು ಹೊರಬಾರವಾದುದರಿಂದ, ಆ ಕೂಲರನ್ನು ತೆಗೆದುಹಾಕಿ ಹೊಸದನ್ನೇ ಕೂರಿಸುವಂತೆ ಹೇಳಿ ಅದರ ಬೆಲೆಯನ್ನೂ ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳುವುದು ಉಚಿತ.